ಸಂತೆಯ ಜಾಗ ಬದಲಾಗುತ್ತಿದೆ, ಜನರನ್ನು ಆನ್‌ಲೈನ್‌ನಲ್ಲಿ ಕೇಳುವುದು ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪುರಸಭೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮೂರಿನ ಗುರುವಾರದ ಸಂತೆ ಮುಖ್ಯ ರಸ್ತೆಯ ಪಕ್ಕದಲ್ಲೇ ನಡೆಯುತ್ತದೆ. ಅದನ್ನು ಊರ ಹೊರಗಿನ ಮೈದಾನಕ್ಕೆ ಸಾಗಿಸುವ ಯೋಚನೆ ಇದೆ. ‘ಜನರ ಅಭಿಪ್ರಾಯ ಆನ್‌ಲೈನ್‌ನಲ್ಲಿ ತಗೊಳ್ರಿ’ ಎಂದು ಮುಖ್ಯಾಧಿಕಾರಿಗಳು ಹೇಳಿದರು. ಗೂಗಲ್ ಫಾರಂ ಮಾಡಿ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದೆ. ಹತ್ತು ದಿನದಲ್ಲಿ ಬಂದಿದ್ದು 61 ಉತ್ತರ. ಅದರಲ್ಲಿ ಇಪ್ಪತ್ತು ಬರೀ ಬೈಗುಳ. ಇದನ್ನು ಜನಾಭಿಪ್ರಾಯ ಅಂತ ಕಡತಕ್ಕೆ ಸೇರಿಸಬಹುದಾ? ಇದಕ್ಕಿಂತ ಚೆನ್ನಾಗಿ ಮಾಡುವ ದಾರಿ ಇದೆಯಾ? (ಫಾರಂನ ಪ್ರತಿ ಕಳಿಸಿದ್ದೇನೆ.)

ಉತ್ತರ: ಕಡತಕ್ಕೆ ಸೇರಿಸಿ. ಆದರೆ ‘61 ಜನ ಹೇಳಿದ್ದು’ ಎಂದು ಬರೆದು ಸೇರಿಸಿ. ‘ಜನಾಭಿಪ್ರಾಯ’ ಎಂದು ಮಾತ್ರ ಬರೆಯಬೇಡಿ. ನಾಳೆ ಯಾರಾದರೂ ಮಾಹಿತಿ ಹಕ್ಕಿನಲ್ಲಿ ಆ ಕಡತ ಕೇಳಿದರೆ ಉತ್ತರ ಹೇಳಬೇಕಾದವರು ನೀವೇ.

ನಿಮ್ಮ ಫಾರಂ ಎರಡು ಸಲ ನೋಡಿದೆ. ಹೆಸರು, ಮೊಬೈಲ್ ನಂಬರ್, ವಾರ್ಡ್ ನಂಬರ್. ವಾರ್ಡ್ ನಂಬರ್ ಬರೆಯದೆ ಫಾರಂ ಮುಂದೆ ಹೋಗುವುದಿಲ್ಲ. ಆಮೇಲೆ ಒಂದೇ ಪ್ರಶ್ನೆ: ‘ಸಂತೆ ಸ್ಥಳಾಂತರಕ್ಕೆ ತಮ್ಮ ಸಮ್ಮತಿ ಇದೆಯೇ? ಹೌದು / ಇಲ್ಲ.’ ಕೊನೆಗೆ ‘ಇತರೆ ಸಲಹೆಗಳು’ ಎಂಬ ಒಂದು ಖಾಲಿ ಡಬ್ಬಿ. ಬೈಗುಳವೆಲ್ಲ ಅದರೊಳಗೇ ಬಿದ್ದಿದೆ, ಅಲ್ವಾ?

ಈಗ ನಿಮ್ಮ ಸಂತೆಯನ್ನು ಒಮ್ಮೆ ನೆನೆಸಿಕೊಳ್ಳಿ. ಕಾಯಿಪಲ್ಲೆ ಮಾರುವ ಹೆಂಗಸರು ಯಾವ ವಾರ್ಡಿನವರು? ಬಹುಪಾಲು ಜನ ನಿಮ್ಮ ಊರಿನವರೇ ಅಲ್ಲ. ಬೆಳಿಗ್ಗೆ ಟಂಟಂ ಹಿಡಿದು ಸುತ್ತಲಿನ ಹಳ್ಳಿಗಳಿಂದ ಬರುವವರು. ಕೊಳ್ಳುವವರಲ್ಲೂ ಎಷ್ಟೋ ಜನ ಹಾಗೇ. ಸಂತೆ ಹೋದರೆ ಯಾರ ಹೊಟ್ಟೆಯ ಮೇಲೆ ಪೆಟ್ಟು ಬೀಳುತ್ತದೋ ಅವರಿಗೆ ವಾರ್ಡ್ ನಂಬರೇ ಇಲ್ಲ. ಅಂದರೆ ನಿಮ್ಮ ಫಾರಂ ಅವರನ್ನು ಬಾಗಿಲಲ್ಲೇ ತಡೆದಿದೆ. ಉತ್ತರ ಕೊಟ್ಟ 61 ಜನರಲ್ಲಿ ಸಂತೆಯಲ್ಲಿ ಕೂತು ಮಾರುವವರು ಎಷ್ಟು ಎಂದು ನೋಡಿ. ನನ್ನ ಅಂದಾಜು, ಒಂದು ಕೈ ಬೆರಳಿನಷ್ಟೂ ಇರಲಿಕ್ಕಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅದನ್ನು ನೀವಲ್ಲ, ನಿಮ್ಮ ಮುಖ್ಯಾಧಿಕಾರಿಗಳು ಹೇಳಬೇಕು. ಮೈದಾನ ಖಾಯಂ ಆಗಿದೆಯೋ ಇಲ್ಲವೋ? ಟೆಂಡರ್ ಕರೆದಾಗಿದೆಯಾ? ಕರೆದಾಗಿದ್ದರೆ ‘ಸಮ್ಮತಿ ಇದೆಯೇ’ ಎಂದು ಕೇಳುವುದೇ ತಪ್ಪು. ‘ಇಲ್ಲ’ ಎಂದು ಸಾವಿರ ಜನ ಹೇಳಿದರೂ ನೀವು ಬದಲಾಯಿಸುವುದಿಲ್ಲ. ಜನರಿಗೆ ಅದು ಗೊತ್ತು. ಅದಕ್ಕೇ ಉತ್ತರ ಕಡಿಮೆ, ಬೈಗುಳ ಜಾಸ್ತಿ.

ನಾನು ಒಮ್ಮೆ ಇಂಥದ್ದನ್ನು ಹತ್ತಿರದಿಂದ ನೋಡಿದ್ದೇನೆ. ಊರಿನ ಹೆಸರು ಬೇಡ. ಅಲ್ಲಿನ ಸ್ಥಳೀಯ ಸಂಸ್ಥೆ ಒಂದು ಉದ್ಯಾನದ ನಕ್ಷೆ ಹಾಕಿ, ಮಕ್ಕಳ ಆಟಕ್ಕೆ ಜಾಗ ಬೇಕಾ, ವಾಕಿಂಗ್ ದಾರಿ ಬೇಕಾ ಎಂದು ಆನ್‌ಲೈನ್‌ನಲ್ಲಿ ಕೇಳಿತು. ನೂರಾರು ಜನ ಖುಷಿಯಿಂದ ಬರೆದರು. ಫಾರಂ ತಯಾರಿಸಿದವರಲ್ಲಿ ನಾನೂ ಒಬ್ಬ. ಆಮೇಲೆ ಗೊತ್ತಾಗಿದ್ದೇನೆಂದರೆ, ಫಾರಂ ಹೊರಡುವ ಮೊದಲೇ ಗುತ್ತಿಗೆದಾರರಿಗೆ ಕೆಲಸದ ಆದೇಶ ಹೋಗಿತ್ತು. ಒಬ್ಬ ನಿವೃತ್ತ ಮಾಸ್ತರರು ಕಾಗದ ತೆಗೆಸಿ ನೋಡಿದರು, ನಮ್ಮ ಮುಂದೆ ಇಟ್ಟರು. ‘ಸುಮ್ನೆ ಯಾಕ ಕೇಳಿದ್ರಿ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವರ್ಷ ಅದೇ ಸಂಸ್ಥೆ ನೀರು ಬಿಡುವ ದಿನದ ಬಗ್ಗೆ ಕೇಳಿತು. ಅದು ಎಲ್ಲರ ಮನೆಯ ವಿಷಯ. ಆದರೂ ಯಾರೂ ಬರೆಯಲಿಲ್ಲ.

ಇಂಗ್ಲೆಂಡಿನಲ್ಲಿ 1985ರ ಒಂದು ಪ್ರಕರಣದಿಂದ ಬಂದ ನಾಲ್ಕು ನಿಯಮಗಳಿವೆ. ಅಲ್ಲಿ ಅವಕ್ಕೆ ಗನ್ನಿಂಗ್ ತತ್ವಗಳು ಎನ್ನುತ್ತಾರೆ. ವಿಷಯ ಇನ್ನೂ ಹಸಿಯಾಗಿರುವಾಗಲೇ ಕೇಳಬೇಕು. ಯೋಚಿಸಿ ಉತ್ತರಿಸುವಷ್ಟು ಮಾಹಿತಿ ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದದ್ದನ್ನು ಮನಸ್ಸಿಟ್ಟು ಓದಿ ಆಮೇಲೆ ನಿರ್ಧರಿಸಬೇಕು. ಸ್ಥಳೀಯ ಸಂಸ್ಥೆಗಳು ಸಮಾಲೋಚನೆ ಸರಿಯಾಗಿ ಮಾಡಿದವೋ ಇಲ್ಲವೋ ಎಂದು ಅಲ್ಲಿನ ನ್ಯಾಯಾಲಯಗಳು ಇವತ್ತಿಗೂ ಇದರಿಂದಲೇ ಅಳೆಯುತ್ತವೆ. ನಮಗೆ ಇದು ಕಾನೂನಲ್ಲ. ಆದರೆ ಮೊದಲನೆಯದನ್ನು ನಾವು ಎಷ್ಟು ಸಲ ತಪ್ಪುತ್ತೇವೆ ನೋಡಿ.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಿಮ್ಮ ಪಕ್ಕದ ಗದಗ ಜಿಲ್ಲೆಯಲ್ಲೇ 2011ರಲ್ಲಿ ಹಳ್ಳಿಗುಡಿಯ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ತೆಗೆದುಕೊಳ್ಳಲು ಹೊರಟಾಗ ರೈತರು ತಿರುಗಿಬಿದ್ದರು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತರು. ಸರ್ಕಾರ ಕೈಬಿಡಬೇಕಾಯಿತು. ಕಪ್ಪತಗುಡ್ಡದ್ದೂ ಅಷ್ಟೇ ಉದ್ದದ ಕತೆ. 2015ರಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆ, 2016ರಲ್ಲಿ ವಾಪಸ್, ಹೋರಾಟದ ನಂತರ 2017ರಲ್ಲಿ ಮತ್ತೆ ಘೋಷಣೆ, 2019ರಲ್ಲಿ ವನ್ಯಜೀವಿಧಾಮ. ಇಂಥ ಸಂರಕ್ಷಿತ ಪ್ರದೇಶ ಘೋಷಿಸುವ ಮೊದಲು ಸ್ಥಳೀಯ ಜನರೊಂದಿಗೆ ಸಮಾಲೋಚಿಸಬೇಕು ಎಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ನಮ್ಮ ಭಾಗದ ಜನ ಮಾತಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೇಳುವ ಹೊತ್ತಿಗೆ ಕೇಳದಿದ್ದರೆ ಬೀದಿಯಲ್ಲಿ ಮಾತಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಮೈದಾನ ಖಾಯಂ ಆಗಿಬಿಟ್ಟಿದ್ದರೆ ಕೇಳುವುದಕ್ಕೆ ಏನೂ ಉಳಿದಿಲ್ಲವಾ? ತುಂಬಾ ಉಳಿದಿದೆ. ಯಾರು ಎಲ್ಲಿ ಕೂರಬೇಕು, ಟಂಟಂ ಎಲ್ಲಿಯವರೆಗೆ ಬರಬಹುದು, ಬಸ್ ಅಲ್ಲಿ ನಿಲ್ಲುತ್ತದಾ, ನೆರಳು, ನೀರು, ಸಂಜೆಯ ದೀಪ, ಮಳೆ ಬಂದರೆ ಕೆಸರು, ಸುಂಕ ವಸೂಲಿ ಹೇಗೆ. ಮುಖ್ಯಾಧಿಕಾರಿಗಳ ಎದುರು ಕೂತು ಒಂದು ಹಾಳೆಯಲ್ಲಿ ಗೆರೆ ಎಳೆಯಿರಿ. ಒಂದು ಕಡೆ ನಿರ್ಧಾರ ಆಗಿರುವುದು, ಇನ್ನೊಂದು ಕಡೆ ಆಗದಿರುವುದು. ಎರಡನ್ನೂ ಜನರಿಗೆ ತೋರಿಸಿ. ಪ್ರಶ್ನೆ ಕೇಳುವುದು ಎರಡನೆಯದರ ಬಗ್ಗೆ ಮಾತ್ರ. ‘ಇದು ಬದಲಾಗುವುದಿಲ್ಲ’ ಎಂದು ಮುಖಕ್ಕೆ ಹೇಳಿದರೆ ಜನ ಸಿಟ್ಟಾಗುತ್ತಾರೆ ಎಂಬ ಭಯ ಅಧಿಕಾರಿಗಳಿಗೆ ಇರುತ್ತದೆ. ಸಿಟ್ಟಾಗುತ್ತಾರೆ, ನಿಜ. ಆದರೆ ಮೋಸ ಹೋದೆವು ಅನ್ನುವುದಿಲ್ಲ.

ನಿರ್ಧಾರ ಇನ್ನೂ ಆಗಿಲ್ಲ ಎನ್ನುವುದಾದರೆ, ಫಾರಂಗೆ ಕೈಹಾಕುವ ಮೊದಲು ಇನ್ನೊಂದು ಬಾಗಿಲು ಬಡಿಯಬೇಕು. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂದಿದೆ. ಪ್ರತಿ ಪಟ್ಟಣದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದರಷ್ಟು ಹೆಂಗಸರಿರಬೇಕು ಎಂದು ಅದು ಹೇಳುತ್ತದೆ. ಮಾರುವವರು, ಕೊಳ್ಳುವವರು ಮೊದಲಿನಿಂದಲೂ ಸೇರುತ್ತ ಬಂದ ಮಾರುಕಟ್ಟೆ ಎಂಬ ಮಾತೇ ಆ ಕಾಯ್ದೆಯಲ್ಲಿದೆ. ವ್ಯಾಪಾರದ ಪ್ರಮಾಣಪತ್ರ ಇರುವ ವ್ಯಾಪಾರಿಯನ್ನು ಬೇರೆ ಕಡೆಗೆ ಕಳಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಆ ಸಮಿತಿ ನಿಮ್ಮಲ್ಲಿ ಕೊನೆಯ ಸಲ ಯಾವಾಗ ಸೇರಿತ್ತು ಎಂದು ನೋಡಿ. ಗೂಗಲ್ ಫಾರಂ ಎಷ್ಟೇ ಚೆನ್ನಾಗಿದ್ದರೂ ಆ ಸಭೆಯ ಬದಲಿಗೆ ನಿಲ್ಲುವುದಿಲ್ಲ.

ಇನ್ನು ಆನ್‌ಲೈನ್ ಮಾತಿಗೆ ಬರೋಣ. ಫೋನು ಎಲ್ಲರ ಮನೆಯಲ್ಲೂ ಇದೆ ಅನ್ನುತ್ತೇವೆ. ಮನೆಯಲ್ಲಿ ಇದೆ, ಯಾರ ಕೈಯಲ್ಲಿ ಇದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಶೇ. 33, ಗಂಡಸರು ಶೇ. 57. ಈಗ ಹೆಚ್ಚಾಗಿರಬಹುದು. ಆದರೆ ಸಂತೆಯಲ್ಲಿ ಮೆಂತ್ಯೆಯ ಸಿವುಡು ಕಟ್ಟುತ್ತ ಕೂತ ಅವ್ವನ ವಯಸ್ಸು 49ರ ಆಚೆ. ಅವಳ ಸ್ಮಾರ್ಟ್‌ಫೋನು ಮಗನ ಜೇಬಿನಲ್ಲಿ.

ಹಾಗಂತ ಆನ್‌ಲೈನ್ ಬಿಟ್ಟುಬಿಡಿ ಎನ್ನುತ್ತಿಲ್ಲ. ಆನ್‌ಲೈನ್ ಕೆಲಸವನ್ನು ನೀವು ಮಾಡಿ, ಅವರಿಂದ ಮಾಡಿಸಬೇಡಿ. ಸಂತೆಯ ದಿನ ಇಬ್ಬರು ಸಿಬ್ಬಂದಿ, ಅಥವಾ ಕಾಲೇಜಿನ ನಾಲ್ಕು ಹುಡುಗ ಹುಡುಗಿಯರು, ಮೊಬೈಲ್ ಹಿಡಿದು ಸಾಲು ಸಾಲಾಗಿ ಹೋಗಲಿ. ಜನ ಹೇಳಿದ್ದನ್ನು ಅಲ್ಲೇ ಅದೇ ಫಾರಂನಲ್ಲಿ ತುಂಬಲಿ. ವ್ಯಾಪಾರ ಜೋರಾಗಿರುವ ಹೊತ್ತಿನಲ್ಲಿ ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಬೆಳಿಗ್ಗೆ ಗಂಟು ಬಿಚ್ಚುವಾಗ ಇಲ್ಲವೇ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ವಾರ್ಡ್ ನಂಬರ್ ತೆಗೆದು ‘ಎಲ್ಲಿಂದ ಬರುತ್ತೀರಿ, ಏನು ಮಾರುತ್ತೀರಿ’ ಎಂದು ಹಾಕಿ.

ವಾಟ್ಸಾಪ್ ಬಗ್ಗೆ ಒಂದು ಎಚ್ಚರಿಕೆ. ಗ್ರೂಪ್ ಮಾಡಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಎರಡೇ ದಿನಕ್ಕೆ ಅದು ಶುಭೋದಯದ ಹೂವು, ಪಕ್ಷದ ಜಗಳ, ಸೈಟು ಮಾರಾಟಕ್ಕೆ ತಿರುಗುತ್ತದೆ. ವಾಟ್ಸಾಪ್ ಪೋಲ್ ಕೂಡ ಬೇಡ. ಯಾರು ಯಾವುದಕ್ಕೆ ಒತ್ತಿದರು ಎಂದು ಹೆಸರು ಸಮೇತ ಕಾಣುತ್ತದೆ. ಸುಂಕದ ಗುತ್ತಿಗೆದಾರ ಅದೇ ಗ್ರೂಪಿನಲ್ಲಿದ್ದರೆ ಯಾವ ವ್ಯಾಪಾರಿ ‘ಸುಂಕ ಜಾಸ್ತಿ’ ಎಂದು ಒತ್ತುತ್ತಾನೆ? ಅದರ ಬದಲು ಕಚೇರಿಯ ಒಂದು ನಂಬರ್ ಇಟ್ಟು ಅದಕ್ಕೆ ಧ್ವನಿ ಸಂದೇಶ ಕಳಿಸಲು ಹೇಳಿ. ನಮ್ಮ ಜನ ಬರೆಯುವುದಕ್ಕಿಂತ ಮಾತಿನಲ್ಲಿ ಹತ್ತು ಪಟ್ಟು ಚೆನ್ನಾಗಿ ಹೇಳುತ್ತಾರೆ. ಬರೀ ಕರೆ ಮಾಡಿದರೂ ಎತ್ತಿ ಬರೆದುಕೊಳ್ಳಲು ಒಬ್ಬರಿರಲಿ.

ಸುದ್ದಿ ಮುಟ್ಟಿಸಲು ನಿಮ್ಮ ಹತ್ತಿರ ಒಳ್ಳೆಯ ಸಾಧನ ಈಗಾಗಲೇ ಇದೆ: ಕಸದ ಗಾಡಿಯ ಮೈಕು. ಹಿಂದೆ ಡಂಗುರ ಸಾರುತ್ತಿದ್ದ ಕೆಲಸವನ್ನು ಈಗ ಅದು ಮಾಡುತ್ತದೆ. ಹಳ್ಳಿಗಳಿಗೆ ಗ್ರಾಮ ಪಂಚಾಯಿತಿ ಪಿಡಿಒಗಳ ಮೂಲಕ ಅದೇ ಆಡಿಯೊ ಕಳಿಸಿ. ಆದರೆ ಅದರ ಭಾಷೆ ನೋಡಿಕೊಳ್ಳಿ. ‘ಸಾರ್ವಜನಿಕರು ತಮ್ಮ ಆಕ್ಷೇಪಣೆ ಹಾಗೂ ಸಲಹೆಗಳನ್ನು ಸಲ್ಲಿಸತಕ್ಕದ್ದು’ ಎಂದರೆ ಯಾರ ಕಿವಿಯೂ ನೆಟ್ಟಗಾಗುವುದಿಲ್ಲ. ಮೈದಾನ ಖಾಯಂ ಆಗಿದ್ದರೆ ಹೀಗೆ ಹೇಳಿಸಿ ನೋಡಿ:

‘ಗುರುವಾರದ ಸಂತಿ ಹೊಸ ಮೈದಾನಕ್ಕ ಹೊಂಟೈತ್ರಿ. ಜಾಗ ನಿಕ್ಕಿ ಆಗೇತಿ, ಅದು ಬದಲಾಗಂಗಿಲ್ಲ. ಆದ್ರ ಅಲ್ಲಿ ಯಾರು ಎಲ್ಲಿ ಕುಂದ್ರಬೇಕು, ಗಾಡಿ ಎಲ್ಲಿ ನಿಲ್ಲಬೇಕು, ನೀರು ನೆರಳು ಎಲ್ಲಿ ಬೇಕು, ಇದು ಇನ್ನೂ ನಿಕ್ಕಿ ಆಗಿಲ್ಲ. ನೀವು ಹೇಳ್ರಿ. ಈ ನಂಬರಿಗೆ ಫೋನ್ ಮಾಡ್ರಿ, ಇಲ್ಲಾ ಸಂತ್ಯಾಗ ನಮ್ಮ ಮಂದಿ ಬರ್ತಾರ, ಅವರ ಮುಂದ ಹೇಳ್ರಿ.’

ಮುಖ್ಯಾಧಿಕಾರಿಗಳು ‘ಇದು ಸರ್ಕಾರಿ ಭಾಷೆ ಅಲ್ಲ’ ಎಂದರೆ, ಅಧಿಕೃತ ನೋಟಿಸ್ ಅವರ ಭಾಷೆಯಲ್ಲೇ ಇರಲಿ, ಮೈಕಿನಲ್ಲಿ ಇದು ಇರಲಿ ಎನ್ನಿ. ಆ ನೋಟಿಸನ್ನು ಸ್ಕ್ಯಾನ್ ಮಾಡಿ ವಾರೆಯಾದ ಪಿಡಿಎಫ್ ಆಗಿ ಹಾಕಬೇಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಫೋನಿನಲ್ಲಿ ಬರೀ ಗೀಚು ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಅಕ್ಷರ ಇದ್ದರೆ ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ.

ಭಾಷೆ ಎಂಬುದು ಸಣ್ಣ ವಿಷಯವಲ್ಲ. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆಗೆ ಜನರ ಅಭಿಪ್ರಾಯ ಕೇಳಿತು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ದೆಹಲಿ ಹೈಕೋರ್ಟ್ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಲು ಹೇಳಿತು. ಕನ್ನಡದಲ್ಲಿ ಪ್ರಚಾರ ಆಗಿಲ್ಲ ಎಂಬ ದೂರಿನ ಮೇಲೆ ನಮ್ಮ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಕೊಟ್ಟಿತು. ದೆಹಲಿಯ ಸಚಿವಾಲಯಕ್ಕೇ ಹೀಗಾದರೆ ಪುರಸಭೆ ಯಾವ ಲೆಕ್ಕ?

ಸಮಯ ಎಷ್ಟು ಕೊಡಬೇಕು? ಹತ್ತು ದಿನ ಸಾಲದು. ಕೇಂದ್ರ ಸರ್ಕಾರ 2014ರಲ್ಲಿ ಮಾಡಿಕೊಂಡ ನೀತಿಯಲ್ಲಿ ಹೊಸ ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಎಂದಿದೆ. ನೀವು ದಿನ ಎಣಿಸಬೇಡಿ, ಸಂತೆ ಎಣಿಸಿ. ನಾಲ್ಕು ಸಂತೆ. ಮೊದಲ ವಾರ ಸುದ್ದಿ ಹಬ್ಬುತ್ತದೆ, ಎರಡನೇ ವಾರ ಜಗಳ ಆಗುತ್ತದೆ, ಮೂರನೇ ವಾರದಿಂದ ಉಪಯೋಗದ ಮಾತು ಬರುತ್ತದೆ. ನನ್ನ ಅನುಭವ ಇದು.

ಉತ್ತರ ಬಂದ ಮೇಲೆ ಏನು? ಇಲ್ಲಿ ಎಲ್ಲರೂ ಮಾಡುವ ತಪ್ಪು, ಎಣಿಸಿ ಶೇಕಡಾ ಹಾಕುವುದು. ಇದು ಚುನಾವಣೆಯಲ್ಲ. ಎಣಿಕೆಗೆ ಬೆಲೆ ಇದೆ ಎಂದು ಗೊತ್ತಾದ ಕೂಡಲೇ ಎಣಿಕೆ ಕೆಡುತ್ತದೆ. ಅಮೆರಿಕದಲ್ಲಿ 2017ರಲ್ಲಿ ಇಂಟರ್ನೆಟ್ ನಿಯಮಗಳ ಬಗ್ಗೆ ಅಲ್ಲಿನ ಸಂವಹನ ಆಯೋಗ ಅಭಿಪ್ರಾಯ ಕೇಳಿದಾಗ ಸುಮಾರು 2.2 ಕೋಟಿ ಬಂದವು. ಅದರಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ತನಿಖೆ 2021ರಲ್ಲಿ ಹೇಳಿತು. 77 ಲಕ್ಷವನ್ನು 19 ವರ್ಷದ ಒಬ್ಬನೇ ಕಾಲೇಜು ವಿದ್ಯಾರ್ಥಿ ಕಳಿಸಿದ್ದನಂತೆ! ನಿಮ್ಮಲ್ಲಿ ಅಂಥ ಹುಡುಗ ಇರಲಿಕ್ಕಿಲ್ಲ. ಆದರೆ ಮೈದಾನದ ಪಕ್ಕ ಸೈಟು ಮಾಡಿಟ್ಟವರು ಇರಬಹುದು. ಹಳೆಯ ಸಂತೆಯ ಎದುರಿನ ಅಂಗಡಿಯವರೂ ಇದ್ದಾರೆ. ಒಂದೇ ಮಾತು ಅಕ್ಷರವೂ ತಪ್ಪದೆ ನಲವತ್ತು ಸಲ ಬಂದರೆ ಗುರುತಿಸಿ, ಎಸೆಯಬೇಡಿ. ನಲವತ್ತು ಜನರ ಒಂದು ಮಾತು ಎಂದು ಬರೆದಿಡಿ.

ಎಣಿಸುವ ಬದಲು ಓದಿ. ಉತ್ತರಗಳನ್ನು ವಿಷಯವಾರು ಗುಂಪು ಮಾಡಿ: ದಾರಿ, ನೀರು, ಸುಂಕ, ಜಾಗದ ಹಂಚಿಕೆ. ‘ಕುರಿ ತರುವ ಗಾಡಿ ಅಲ್ಲಿ ತಿರುಗುವುದಿಲ್ಲ’ ಎಂದು ಮೂರೇ ಜನ ಹೇಳಿರಬಹುದು. ಅದು ನಿಜವಾಗಿದ್ದರೆ ಮುನ್ನೂರು ಜನ ಹೇಳಿದಷ್ಟೇ ತೂಕ. ನೋಡಲು ಒಂದು ಟೇಪು ಹಿಡಿದು ಮೈದಾನಕ್ಕೆ ಹೋಗಬೇಕು, ಅಷ್ಟೇ.

ಹೆಸರು, ನಂಬರ್ ಹೊರಗೆ ಹೋಗದಂತೆ ನೋಡಿಕೊಳ್ಳಿ. 2015ರಲ್ಲಿ ನಮ್ಮ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್‌ನಲ್ಲಿ ಎಲ್ಲ ತಾಣಗಳನ್ನೂ ಒಂದೇ ರೀತಿ ನೋಡಬೇಕು ಎಂಬ ನಿಯಮ) ಬಗ್ಗೆ 118 ಪುಟದ ಕಾಗದ ಇಟ್ಟು 20 ಪ್ರಶ್ನೆ ಕೇಳಿತು. ಸ್ವಯಂಸೇವಕರು ಸುಲಭದ ಉತ್ತರ ಸಿದ್ಧಮಾಡಿ ಕೊಟ್ಟಿದ್ದರಿಂದ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಬಂದವು. ಅಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಟ್ರಾಯ್ ಅವನ್ನೆಲ್ಲ ಕಳಿಸಿದವರ ಇಮೇಲ್ ವಿಳಾಸದ ಸಮೇತ ಪ್ರಕಟಿಸಿಬಿಟ್ಟಿತು. ನಿಮ್ಮ ಫಾರಂಗೆ ಮೊಬೈಲ್ ನಂಬರ್ ಯಾಕೆ ಬೇಕು? ತಿರುಗಿ ಉತ್ತರ ಕಳಿಸಲು ಬೇಕಾದರೆ ‘ಬೇಕೆನಿಸಿದರೆ ಕೊಡಿ’ ಎಂದು ಹಾಕಿ. ಗೂಗಲ್ ಶೀಟಿನ ಲಿಂಕು ಎಲ್ಲರಿಗೂ ತೆರೆದಿಲ್ಲ ಎಂದು ಇವತ್ತೇ ನೋಡಿ.

ತೈವಾನಿನಲ್ಲಿ ಬಳಸಿದ ಪೋಲಿಸ್ ಎಂಬ ತಂತ್ರಾಂಶದ ಬಗ್ಗೆ ಯಾರಾದರೂ ನಿಮಗೆ ಹೇಳಬಹುದು (ಖಾಕಿ ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ). ಅದರಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರಿಸಲು ಬರುವುದಿಲ್ಲ. ಒಪ್ಪಿಗೆ, ಇಲ್ಲ, ಮುಂದೆ, ಇಷ್ಟೇ ಒತ್ತಬಹುದು. ಅದರಿಂದ ಜಗಳ ಕಡಿಮೆ. 2015ರಲ್ಲಿ ಊಬರ್ ಟ್ಯಾಕ್ಸಿ ವಿಷಯಕ್ಕೆ ಅಲ್ಲಿ ಬಳಸಿದ್ದರು. ಒಳ್ಳೆಯ ಸಾಧನ. ಆದರೆ ನಿಮ್ಮ ಸಂತೆಗೆ ಅಷ್ಟು ಬೇಡ. ಅದರ ಬುದ್ಧಿ ಮಾತ್ರ ತಗೊಳ್ಳಿ: ಫೇಸ್‌ಬುಕ್ ಪುಟದಲ್ಲಿ ಹಾಕಿದರೆ ಕಾಮೆಂಟ್ ಮುಚ್ಚಿ, ಉತ್ತರವನ್ನು ಫಾರಂ ಮತ್ತು ಫೋನಿಗೆ ತಿರುಗಿಸಿ.

ಇಷ್ಟೆಲ್ಲ ಮಾಡಿ ಕೊನೆಯದನ್ನು ಬಿಟ್ಟರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ತಿರುಗಿ ಹೇಳಬೇಕು. ಜನ ಏನು ಹೇಳಿದರು, ನಾವು ಯಾವುದನ್ನು ಒಪ್ಪಿದೆವು, ಯಾವುದನ್ನು ಒಪ್ಪಲಿಲ್ಲ, ಯಾಕೆ. ಇದು ಉಪಕಾರವಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ನೋಡಿ. ಜನರಿಗೆ ತಟ್ಟುವ ತೀರ್ಮಾನ ಪ್ರಕಟಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕು, ಬಾಧಿತರಿಗೆ ಕಾರಣ ಕೊಡಬೇಕು ಎಂದು ಅದರಲ್ಲೇ ಇದೆ. ಯಾರೂ ಅರ್ಜಿ ಹಾಕಬೇಕಿಲ್ಲ.

ಹೀಗೆ ಬರೆಯಬಹುದು: ‘ಕಾಯಿಪಲ್ಲೆ ಸಾಲು ಬಸ್ ನಿಲ್ಲುವ ಕಡೆ ಇರಲಿ ಎಂದು ಹೇಳಿದಿರಿ. ನಕ್ಷೆ ಬದಲಾಯಿಸಿದ್ದೇವೆ. ಸಂತೆ ಹಳೆಯ ಜಾಗದಲ್ಲೇ ಇರಲಿ ಎಂದು ಬಹಳ ಜನ ಹೇಳಿದಿರಿ. ರಸ್ತೆಯಲ್ಲಿ ಆಂಬುಲೆನ್ಸ್ ಹೋಗಲು ಆಗುತ್ತಿಲ್ಲ, ಅದಕ್ಕೆ ಇದನ್ನು ಒಪ್ಪಲು ಆಗಿಲ್ಲ. ಸುಂಕ ಇಳಿಸಿ ಎಂದಿರಿ. ಈಗಿನ ಗುತ್ತಿಗೆ ಮುಗಿಯುವವರೆಗೆ ಆಗುವುದಿಲ್ಲ, ಮುಂದಿನ ಹರಾಜಿನ ಮೊದಲು ಸಮಿತಿಯ ಮುಂದೆ ಇಡುತ್ತೇವೆ.’ ಕೆಳಗೆ ತಾರೀಖು, ಮುಖ್ಯಾಧಿಕಾರಿಗಳ ಸಹಿ. ಕೇಳಿದ ಜಾಗದಲ್ಲೇ ಉತ್ತರವನ್ನೂ ಹಾಕಿ. ಸಂತೆಯಲ್ಲಿ ಒಂದು ಫ್ಲೆಕ್ಸ್, ಕಸದ ಗಾಡಿಯಲ್ಲಿ ಆಡಿಯೊ, ಧ್ವನಿ ಸಂದೇಶ ಕಳಿಸಿದವರಿಗೆ ಅದೇ ನಂಬರಿನಿಂದ. ತೀರ್ಮಾನ ಆಗಿ ಎರಡು ವಾರದೊಳಗೆ ಆಗಲಿ. ತಡವಾದರೆ ಊರಿನಲ್ಲಿ ಬೇರೆಯೇ ಕತೆ ಹುಟ್ಟಿರುತ್ತದೆ.

‘ಕೇಳಿದರೆ ಎಲ್ಲರೂ ಬೇಡ ಅಂತಾರೆ’ ಎಂದು ಮುಖ್ಯಾಧಿಕಾರಿಗಳು ಹೇಳಬಹುದು. ಹೇಳಲಿ. ಬೇಡ ಎನ್ನುವವರ ಕಾರಣದಲ್ಲೇ ನಕ್ಷೆಯ ತಪ್ಪು ಸಿಗುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಸಿಗುವುದಕ್ಕಿಂತ ಈಗ ಸಿಕ್ಕರೆ ಖರ್ಚು ಕಡಿಮೆ.

ಈ ಮಾತು ಬಂತು, ಆ ಇಪ್ಪತ್ತು ಬೈಗುಳಗಳನ್ನು ಇನ್ನೂ ಅಳಿಸಿಲ್ಲ ತಾನೆ? ಕೆಟ್ಟ ಪದ ತೆಗೆದು ಉಳಿದದ್ದನ್ನು ಓದಿ. ನೀವು ಕಳಿಸಿದ ಪ್ರತಿಯಲ್ಲಿ ಒಬ್ಬರು ಪುರಸಭೆಯ ಏಳು ತಲೆಮಾರನ್ನು ಎತ್ತಿ ಆಡಿದ್ದಾರೆ. ಕೊನೆಗೆ ‘ಹೆಣ್ಮಕ್ಕಳು ಇಡೀ ದಿನ ಎಲ್ಲಿಗೆ ಹೋಗಬೇಕು’ ಎಂದು ಕೇಳಿದ್ದಾರೆ. ಹೊಸ ಮೈದಾನದ ನಕ್ಷೆಯನ್ನೂ ಕಳಿಸಿದ್ದೀರಿ. ಅದರಲ್ಲಿ ಕಮಾನು ಇದೆ, ಹೈಮಾಸ್ಟ್ ದೀಪ ಇದೆ, ಕಾರು ನಿಲ್ಲಿಸುವ ಜಾಗ ಇದೆ. ಶೌಚಾಲಯ ನನಗೆ ಕಾಣಲಿಲ್ಲ. ಮುಂದಿನ ಗುರುವಾರ ಸಂತೆಗೆ ಹೋಗುವ ಮೊದಲು ಅದೊಂದು ವಿಚಾರಿಸಿಕೊಂಡು ಹೋಗಿ.